ಜಗಳಗಂಟ ಮೀನು, ಸಾಧು ಮೀನು: ಒಂದೇ ತೊಟ್ಟಿಯಲ್ಲಿ ಬಾಳಿಸುವ ಕ್ರಮ

ಹೊಳೆಯಲ್ಲಿ ಎರಡು ಮೀನು ಕಚ್ಚಾಡಿದರೆ ಸೋತದ್ದು ಹತ್ತು ಅಡಿ ಆಚೆಗೆ ಹೋಗಿಬಿಡುತ್ತದೆ, ಗೆದ್ದದ್ದು ತನ್ನ ಕಲ್ಲಿನ ಬಳಿಗೆ ಮರಳುತ್ತದೆ. ಅಲ್ಲಿಗೆ ಮುಗಿಯಿತು. ಗಾಜಿನ ತೊಟ್ಟಿಯಲ್ಲಿ ಸೋತ ಮೀನಿಗೆ ಹೋಗಲು ಜಾಗವೇ ಇಲ್ಲ. ಎಲ್ಲಿ ನಿಂತರೂ ಗೆದ್ದದ್ದರ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಗೆದ್ದದ್ದಕ್ಕೂ ಅದು ಸೋಲೊಪ್ಪದೆ ಎದುರಿಗೇ ನಿಂತಿರುವಂತೆ ಕಾಣುತ್ತದೆ. ಅರ್ಧ ನಿಮಿಷದಲ್ಲಿ ಮುಗಿಯಬೇಕಿದ್ದ ಜಗಳ ಮೂರು ದಿನ ಎಳೆದು ಹೆಣ ಬೀಳುವುದು ಹೀಗೆ.

ಅದಕ್ಕೇ, ಮೀನು ಆರಿಸುವಾಗಲೂ ಕಲ್ಲು ಜೋಡಿಸುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಸೋತ ಮೀನು ಎಲ್ಲಿಗೆ ಹೋಗಬೇಕು? ಇದಕ್ಕೆ ಉತ್ತರವಿದ್ದರೆ ಜೋರಿನ ಮೀನನ್ನೂ ಸಾಧು ಮೀನನ್ನೂ ಒಟ್ಟಿಗೆ ಸಾಕಬಹುದು. ಉತ್ತರ ಸಿಗದಿದ್ದರೆ ಬೇರೆ ಯಾವ ಉಪಾಯವೂ ಹೆಚ್ಚು ದಿನ ನಡೆಯುವುದಿಲ್ಲ.

1. ಜಗಳ ಯಾವ ಬಗೆಯದೆಂದು ಮೊದಲು ಗುರುತಿಸಿ

"ಈ ಮೀನು ಸ್ವಲ್ಪ ಜೋರು" ಎಂಬ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ಒಂದೊಂದಕ್ಕೂ ಮದ್ದು ಬೇರೆ.

ಒಂದು, ಹಸಿವು. 30 ಸೆಂ.ಮೀ. ಬೆಳೆಯುವ ಆಸ್ಕರ್ ಒಂದು ನಿಯಾನ್ ಟೆಟ್ರಾವನ್ನು ನುಂಗಿದರೆ ಅದರಲ್ಲಿ ಸಿಟ್ಟೇನೂ ಇಲ್ಲ, ಅದಕ್ಕೆ ಅದು ಊಟ. ತೊಟ್ಟಿ ಎಷ್ಟೇ ದೊಡ್ಡದಿರಲಿ, ಹೊಟ್ಟೆ ಎಷ್ಟೇ ತುಂಬಿಸಿ, ಬಾಯಿಗೆ ಹಿಡಿಸುವ ಮೀನು ಇಂದಲ್ಲ ನಾಳೆ ಬಾಯಿಗೆ ಹೋಗುತ್ತದೆ. ಅಳೆಯುವಾಗ ಉದ್ದ ನೋಡಬೇಡಿ, ಮೈಯ ಎತ್ತರ ನೋಡಿ. ಕಡ್ಡಿಯಂಥ ಮೈಯ 5 ಸೆಂ.ಮೀ. ಡೇನಿಯೊ ಸಲೀಸಾಗಿ ಒಳಹೋಗುತ್ತದೆ, ಅಷ್ಟೇ ಉದ್ದವಿದ್ದು ತಟ್ಟೆಯಂತೆ ಅಗಲವಾದ ಸಿಲ್ವರ್ ಡಾಲರ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಏಂಜಲ್ ಮೀನನ್ನು ಪರಮ ಸಾಧು ಎಂದು ನಂಬಿ ನಿಯಾನ್ ಜೊತೆ ಬಿಡುವವರು ಬಹಳ. ಏಂಜಲ್ ಚಿಕ್ಕದಿರುವವರೆಗೆ ಏನೂ ಆಗುವುದಿಲ್ಲ. ಬಲಿತ ಮೇಲೆ ದಿನ ಬೆಳಗಾದರೆ ಒಂದು ನಿಯಾನ್ ಕಡಿಮೆ. ಹೆಣವೂ ಸಿಗುವುದಿಲ್ಲ, ಗಾಯಗೊಂಡ ಮೀನೂ ಕಾಣುವುದಿಲ್ಲ. ಹೀಗೆ ಸುಳಿವಿಲ್ಲದೆ ಮೀನು ಕಡಿಮೆಯಾಗುತ್ತಿದ್ದರೆ, ಎಗರಿ ಹೊರಗೆ ಬಿದ್ದಿಲ್ಲವೆಂದು ಖಚಿತವಾದರೆ, ಅದು ಬೇಟೆಯೇ.

ಎರಡು, ಜಾಗದ ಹಕ್ಕು. ಕಾನ್ವಿಕ್ಟ್, ಫೈರ್‌ಮೌತ್, ಜಾಕ್ ಡೆಂಪ್ಸಿ ಮುಂತಾದ ಸಿಕ್ಲಿಡ್ ಕುಟುಂಬದ ಮೀನುಗಳು ಮತ್ತು ರೆಡ್ ಟೇಲ್ ಶಾರ್ಕ್ ಈ ಸಾಲಿಗೆ ಸೇರಿದವು. ಒಂದು ಕಲ್ಲು, ಒಂದು ಗುಹೆ ಅಥವಾ ತೊಟ್ಟಿಯ ಒಂದು ಮೂಲೆಯನ್ನು ತನ್ನದೆಂದು ಹಿಡಿದು, ಒಳಗೆ ಬಂದವರನ್ನೆಲ್ಲ ಓಡಿಸುತ್ತವೆ. ಗಡಿ ದಾಟಿ ಓಡಿದ ಮೇಲೆ ಹೆಚ್ಚು ಬೆನ್ನಟ್ಟುವುದಿಲ್ಲ. ಗಡಿಯಾಚೆ ಜಾಗ ಇರಬೇಕು ಅಷ್ಟೆ.

ಮೂರು, ಮೊಟ್ಟೆ ಮರಿಗಳ ಕಾವಲು. ವರ್ಷವಿಡೀ ತಾನಾಯಿತು ತನ್ನ ಪಾಡಾಯಿತು ಎಂದಿದ್ದ ಜೋಡಿ ಮೊಟ್ಟೆಯಿಟ್ಟ ದಿನದಿಂದ ರಣಚಂಡಿಯಾಗುತ್ತದೆ. ಇದರ ಬಗ್ಗೆ ಮುಂದೆ ವಿವರವಾಗಿ ಹೇಳಬೇಕು, ಏಕೆಂದರೆ ಚೆನ್ನಾಗಿ ನಡೆಯುತ್ತಿದ್ದ ತೊಟ್ಟಿಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ.

ನಾಲ್ಕು, ರೆಕ್ಕೆ ಕಚ್ಚುವ ಚಾಳಿ. ಟೈಗರ್ ಬಾರ್ಬ್ ಮತ್ತು ಸರ್ಪೆ ಟೆಟ್ರಾ ಇದಕ್ಕೆ ಹೆಸರಾದವು. ಏಂಜಲ್, ಗೌರಾಮಿ, ಫೈಟರ್, ಗಪ್ಪಿಗಳಂಥ ಉದ್ದ ರೆಕ್ಕೆಯ, ನಿಧಾನ ಈಜುವ ಮೀನುಗಳ ರೆಕ್ಕೆಯನ್ನು ಅಂಚಿನಿಂದ ಒಂದೊಂದೇ ಚೂರು ಕಿತ್ತು ತೆಗೆಯುತ್ತವೆ. ಮೂರು ನಾಲ್ಕು ಬಾರ್ಬ್ ತಂದಾಗ ಈ ಚಾಳಿ ಮಿತಿ ಮೀರುತ್ತದೆ. ಹತ್ತು ಹನ್ನೆರಡರ ಗುಂಪಿದ್ದರೆ ಕಚ್ಚಾಟದ ಬಹುಪಾಲು ಗುಂಪಿನೊಳಗೇ ಹಂಚಿಹೋಗುತ್ತದೆ. ಹಾಗೆಂದು ಗುಂಪು ದೊಡ್ಡದಾದ ಕೂಡಲೇ ಏಂಜಲ್ ಜೊತೆ ಬಿಡಬಹುದು ಎಂದೇನಿಲ್ಲ. ಬಿಡಲೇಬೇಡಿ.

ಇವುಗಳ ಜೊತೆಗೆ ಸೇರಿಸಿಕೊಳ್ಳಬೇಕಾದ ಒಂದು ವಿಷಯವಿದೆ: ತನ್ನಂತೆ ಕಾಣುವ ಮೀನಿನ ಮೇಲೆ ಸಿಟ್ಟು ಹೆಚ್ಚು. ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಹಂಚಿಕೊಂಡ ನಿಕೊ ಟಿನ್‌ಬರ್ಗನ್, ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಗಂಡುಗಳ ಮುಂದೆ ಬೊಂಬೆಗಳನ್ನು ಹಿಡಿದು ನೋಡಿದ್ದರು. ಆಕಾರ ಒರಟಾಗಿದ್ದರೂ ಕೆಳಹೊಟ್ಟೆಗೆ ಕೆಂಪು ಬಳಿದ ಬೊಂಬೆಯ ಮೇಲೆ ಅವು ಎರಗಿದವು, ಏಕೆಂದರೆ ಆ ಜಾತಿಯ ಗಂಡಿಗೆ ಬೆದೆಯ ಕಾಲದಲ್ಲಿ ಹೊಟ್ಟೆ ಕೆಂಪಾಗುತ್ತದೆ. ಮೀನಿನ ಪಡಿಯಚ್ಚಿನಂತಿದ್ದರೂ ಕೆಂಪಿಲ್ಲದ ಬೊಂಬೆಯನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ತೊಟ್ಟಿಯಲ್ಲೂ ಇದೇ ನಡೆಯುತ್ತದೆ. ಎರಡು ಗಂಡು ಫೈಟರ್ ಒಟ್ಟಿಗೆ ಬಿಡಬಾರದೆಂದು ಎಲ್ಲರಿಗೂ ಗೊತ್ತು. ಆದರೆ ಗಂಡು ಫೈಟರ್ ಜೊತೆ ಬಣ್ಣದ ಗಂಡು ಗೌರಾಮಿಯನ್ನು ಬಿಟ್ಟರೂ, ಉದ್ದ ಬಾಲದ ಗಪ್ಪಿಯನ್ನು ಬಿಟ್ಟರೂ ಅಪಾಯವೇ. ರೆಡ್ ಟೇಲ್ ಶಾರ್ಕ್ ಒಂದು ತೊಟ್ಟಿಗೆ ಒಂದೇ. ಅದರ ಸೋದರ ಜಾತಿಯಾದ ರೇನ್‌ಬೋ ಶಾರ್ಕನ್ನೂ ಜೊತೆಗೆ ಬಿಡುವಂತಿಲ್ಲ.

2. ತೊಟ್ಟಿಯ ತಳ ಅಳೆಯಿರಿ, ಲೀಟರ್ ಆಮೇಲೆ

3 ಅಡಿ ಉದ್ದ, 1.5 ಅಡಿ ಅಗಲ, 1.5 ಅಡಿ ಎತ್ತರದ ತೊಟ್ಟಿಗೂ 2 ಅಡಿ ಉದ್ದ, 1.5 ಅಡಿ ಅಗಲ, 2.25 ಅಡಿ ಎತ್ತರದ ತೊಟ್ಟಿಗೂ ಹಿಡಿಯುವ ನೀರು ಒಂದೇ, ಸುಮಾರು 190 ಲೀಟರ್. ಆದರೆ ಮೊದಲನೆಯದರ ತಳ 4.5 ಚದರ ಅಡಿ, ಎರಡನೆಯದರದ್ದು 3. ಸಿಕ್ಲಿಡ್‌ಗಳು ಹಕ್ಕು ಸ್ಥಾಪಿಸುವುದು ತಳದ ಮೇಲೆ. ಎತ್ತರದ ತೊಟ್ಟಿ ಏಂಜಲ್‌ಗೆ ಚೆನ್ನ, ಜಾಗಕ್ಕೆ ಕಾದಾಡುವ ಮೀನಿಗೆ ಉದ್ದದ ತೊಟ್ಟಿಯೇ ಬೇಕು.

ಜೋರಿನ ಮೀನನ್ನು ಸಾಧು ಮೀನಿನ ಜೊತೆ ಸಾಕುವುದಾದರೆ 4 × 1.5 × 1.5 ಅಡಿಯಿಂದ ಶುರು ಮಾಡಿ. ಲೆಕ್ಕಕ್ಕೆ ಇದು 255 ಲೀಟರ್. ಮರಳು, ಕಲ್ಲು, ಮೇಲೆ ಬಿಡುವ ಖಾಲಿ ಜಾಗ ಕಳೆದರೆ ನೀರು 210–220 ಲೀಟರ್ ನಿಲ್ಲುತ್ತದೆ. ಇದರಲ್ಲಿ 15 ಸೆಂ.ಮೀ.ವರೆಗೆ ಬೆಳೆಯುವ ಒಂದು ಜೋಡಿ ಸಿಕ್ಲಿಡ್ ಅರ್ಧ ತಳ ಹಿಡಿದರೂ ಉಳಿದವಕ್ಕೆ ಇನ್ನರ್ಧ ಇರುತ್ತದೆ. ಆಸ್ಕರ್ ಬೇಕೆಂದರೆ 5 × 2 × 2 ಅಡಿ, ಅಂದರೆ 560 ಲೀಟರ್ ಆಸುಪಾಸು. ಅಂಗಡಿಯಲ್ಲಿ ಮೂರು ಬೆರಳಗಲ ಇರುವ ಆಸ್ಕರ್ ಮರಿ ಒಂದೇ ವರ್ಷದಲ್ಲಿ ಅಂಗೈ ದಾಟುತ್ತದೆ. "ದೊಡ್ಡದಾದಾಗ ನೋಡಿಕೊಳ್ಳೋಣ" ಎನ್ನುವ ಲೆಕ್ಕಾಚಾರದಲ್ಲಿ ಪೆಟ್ಟು ತಿನ್ನುವುದು ಜೊತೆಗಿರುವ ಸಾಧು ಮೀನುಗಳು.

ಗಟ್ಟಿ ಮುಚ್ಚಳ ಕಡ್ಡಾಯ. ಅಟ್ಟಿಸಿಕೊಂಡ ಮೀನು ಮೇಲಕ್ಕೆ ಎಗರುತ್ತದೆ. ಫಿಲ್ಟರ್ ಪೈಪಿಗೆ ಬಿಟ್ಟ ಸಂದಿಯಿಂದಲೂ ಹೊರಬೀಳುತ್ತದೆ.

3. ಜೊತೆಗಾರರನ್ನು ಆರಿಸುವುದು

ಒಳ್ಳೆಯ ಜೊತೆಗಾರನಿಗೆ ಮೂರು ಗುಣ ಬೇಕು: ಬಾಯಿಗೆ ಹಿಡಿಸದ ಗಾತ್ರ, ಚುರುಕು ಈಜು, ಮತ್ತು ಜೋರಿನ ಮೀನು ಬಳಸದ ಮಟ್ಟದಲ್ಲಿ ವಾಸ. ತಳ ಹಿಡಿಯುವ ಸಿಕ್ಲಿಡ್ ಜೊತೆ ಮೇಲ್ಮಟ್ಟದಲ್ಲಿ ಗುಂಪಾಗಿ ಓಡಾಡುವ ಮೀನು ಹೊಂದುತ್ತದೆ. ಇನ್ನೊಂದು ಲಾಭವೂ ಇದೆ. ಮೇಲೆ ಗುಂಪು ನೆಮ್ಮದಿಯಿಂದ ಓಡಾಡುತ್ತಿದ್ದರೆ ಕೆಳಗಿನ ಅಂಜುಬುರುಕ ಸಿಕ್ಲಿಡ್‌ಗೂ ಸುತ್ತ ಅಪಾಯವಿಲ್ಲವೆಂದು ಧೈರ್ಯ ಬರುತ್ತದೆ, ಬೆದರಿ ಮೇಲೆರಗುವುದು ಕಡಿಮೆಯಾಗುತ್ತದೆ.

ನಡೆಯುವ ಕೆಲವು ಜೋಡಣೆಗಳು:

3 ಅಡಿ ತೊಟ್ಟಿಗೆ ಒಂದು ಜೋಡಿ ಏಂಜಲ್, 12 ರಮ್ಮಿನೋಸ್ ಟೆಟ್ರಾ, ತಳದಲ್ಲಿ ಮೇಯುವ 6 ಕೋರಿಡೋರಾಸ್. ತೊಟ್ಟಿಯ ಎತ್ತರ 1.5 ಅಡಿಗಿಂತ ಕಡಿಮೆ ಇರಬಾರದು. ನಿಯಾನ್ ಬದಲು ರಮ್ಮಿನೋಸ್ ಹೇಳಲು ಕಾರಣ ಅದು ಸ್ವಲ್ಪ ದೊಡ್ಡದು, ಗುಂಪು ಬಿಟ್ಟು ಚದುರುವುದು ಕಡಿಮೆ. ಅದನ್ನೂ ಬೆಳೆದ ಮೀನನ್ನೇ ತನ್ನಿ.

4 ಅಡಿ ತೊಟ್ಟಿಗೆ ಒಂದು ಜೋಡಿ ಫೈರ್‌ಮೌತ್, 10 ಜೈಂಟ್ ಡೇನಿಯೊ, ತಳದಲ್ಲಿರುವ ಒಂದು ಬ್ರಿಸಲ್‌ನೋಸ್ ಪ್ಲೆಕೊ. ಹೊಸಬರಿಗೆ ನಾವು ಮೊದಲು ಸೂಚಿಸುವುದು ಇದನ್ನೇ. ಫೈರ್‌ಮೌತ್ ಜಗಳವನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಅದು ಎದುರಾಳಿಗೆ ಮುಖ ಕೊಟ್ಟು ನಿಲ್ಲುತ್ತದೆ, ಕಿವಿರಿನ ಮುಚ್ಚಳ ಅಗಲಿಸಿ ಕೆಂಪು ಗಂಟಲನ್ನು ಚೀಲದಂತೆ ಉಬ್ಬಿಸುತ್ತದೆ. ಕಿವಿರಿನ ಕೆಳಗಿನ ಎರಡು ಕಪ್ಪು ಚುಕ್ಕೆಗಳು ಆಗ ದೊಡ್ಡ ಮುಖದ ಎರಡು ಕಣ್ಣುಗಳಂತೆ ಕಾಣುತ್ತವೆ. ಅಷ್ಟರಲ್ಲೇ ಎದುರಿನದು ತಿರುಗಿ ಹೋದರೆ ಗಂಟಲು ಇಳಿಯುತ್ತದೆ, ಕಚ್ಚಾಟಕ್ಕೆ ಹೋಗುವುದೇ ಅಪರೂಪ. ಬೆದರಿಕೆಯಲ್ಲಿ ಮುಗಿಸುವ ಮೀನಿನ ಜೊತೆ ಸಾಧು ಮೀನು ಬದುಕಬಲ್ಲದು.

ಬಾರ್ಬ್ ಇಷ್ಟವಾದರೆ 4 ಅಡಿಗೆ 12 ಟೈಗರ್ ಬಾರ್ಬ್, ಒಂದು ರೆಡ್ ಟೇಲ್ ಶಾರ್ಕ್. ಎರಡೂ ಚುರುಕು, ಎರಡಕ್ಕೂ ಗಿಡ್ಡ ರೆಕ್ಕೆ.

5 ಅಡಿಗೆ ಒಂದು ಆಸ್ಕರ್, 6 ಸಿಲ್ವರ್ ಡಾಲರ್, ಒಂದು ದೊಡ್ಡ ಪ್ಲೆಕೊ. ಸಿಲ್ವರ್ ಡಾಲರ್ ಗಿಡ ತಿನ್ನುತ್ತದೆ, ಆದ್ದರಿಂದ ಇಲ್ಲಿ ಹಸಿರು ಗಿಡದ ಆಸೆ ಬಿಡಿ.

ಕೆಲವು ಜೋಡಣೆಗಳು ಮೇಲ್ನೋಟಕ್ಕೆ ಸರಿಯೆನಿಸಿ ಕೈಕೊಡುತ್ತವೆ. ಆಸ್ಕರ್ ಜೊತೆ ಕೋರಿಡೋರಾಸ್ ಅಂಥದು. ಆಸ್ಕರ್ ಅದನ್ನು ನುಂಗಲು ಹೋದಾಗ ಕೋರಿಡೋರಾಸ್ ತನ್ನ ಬೆನ್ನಿನ ಮತ್ತು ಪಕ್ಕದ ಮುಳ್ಳುಗಳನ್ನು ನೆಟ್ಟಗೆ ಬಿಗಿಯುತ್ತದೆ. ಗಂಟಲಲ್ಲಿ ಸಿಕ್ಕಿಕೊಂಡು ಎರಡೂ ಸಾಯುತ್ತವೆ. ಪಾಚಿ ತಿನ್ನುತ್ತದೆಂದು ತರುವ ಚೈನೀಸ್ ಆಲ್ಗೀ ಈಟರ್ ಮರಿಯಿದ್ದಾಗ ಪಾಚಿ ತಿನ್ನುವುದು ನಿಜ. ದೊಡ್ಡದಾದ ಮೇಲೆ ಏಂಜಲ್‌ನಂಥ ಚಪ್ಪಟೆ ಮೈಯ ಮೀನಿನ ಪಕ್ಕೆಗೆ ಅಂಟಿಕೊಂಡು ಮೈಮೇಲಿನ ಲೋಳೆಯನ್ನು ಕೆರೆದು ತಿನ್ನುತ್ತದೆ, ತನ್ನ ಜಾಗಕ್ಕೂ ಕಾದಾಡುತ್ತದೆ. ಬೆರಳ ಗೆಣ್ಣಿನಷ್ಟೇ ಇರುವ ಪೀ ಪಫರ್ ತನ್ನ ಎರಡರಷ್ಟಿರುವ ಮೀನುಗಳ ರೆಕ್ಕೆ ಕತ್ತರಿಸುತ್ತದೆ. ಗಾತ್ರ ನೋಡಿ ಸ್ವಭಾವ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನೀರಿನ ಗುಣವೂ ಹೊಂದಬೇಕು. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ pH 8ರ ಆಸುಪಾಸಿನ ಗಡಸು ನೀರು ಬೇಕು, ದಕ್ಷಿಣ ಅಮೆರಿಕದ ಟೆಟ್ರಾಗಳಿಗೆ ಮೆದು ನೀರು. ಇವೆರಡನ್ನು ಸೇರಿಸಿದರೆ ಜಗಳ ಆಗದಿದ್ದರೂ ಒಂದು ಬಗೆ ಸದಾ ಸೊರಗಿರುತ್ತದೆ, ಸೊರಗಿದ ಮೀನು ಬೇಗ ಪೆಟ್ಟು ತಿನ್ನುತ್ತದೆ.

ಫ್ಲವರ್‌ಹಾರ್ನ್ ಮತ್ತು ರೆಡ್ ಡೆವಿಲ್ ವಿಷಯದಲ್ಲಿ ಪ್ರಯೋಗವೇ ಬೇಡ. ಅವಕ್ಕೆ ಒಂದೊಂದಕ್ಕೂ ಬೇರೆ ತೊಟ್ಟಿ. "ನಮ್ಮದು ಇಲ್ಲಿಯವರೆಗೆ ಏನೂ ಮಾಡಿಲ್ಲ" ಎನ್ನುವ ಮಾತು ಮೀನು ಬಲಿಯುವವರೆಗೆ ಮಾತ್ರ ನಿಲ್ಲುತ್ತದೆ.

4. ಕಣ್ಣು ತಪ್ಪಿಸುವ ಮರೆಗಳನ್ನು ಕಟ್ಟಿ

ಇಡೀ ಕೆಲಸದ ಜೀವಾಳ ಇದು. ಇಲ್ಲಿ ಅರ್ಧ ದಿನ ಹೆಚ್ಚು ಹೋದರೂ ಹೋಗಲಿ.

ಮೊದಲು ಖಾಲಿ ತೊಟ್ಟಿಯ ತಳಕ್ಕೆ ತೆಳುವಾದ ಥರ್ಮೊಕೋಲ್ ಅಥವಾ ಪ್ಲಾಸ್ಟಿಕ್ ಹಾಳೆ ಹಾಸಿ, ದೊಡ್ಡ ಕಲ್ಲುಗಳನ್ನು ಅದರ ಮೇಲೆ ನೇರವಾಗಿ ಕೂರಿಸಿ. ಮರಳು ಆಮೇಲೆ. ಮರಳಿನ ಮೇಲೆ ಕಲ್ಲಿಟ್ಟರೆ ಸಿಕ್ಲಿಡ್ ಕೆಳಗಿಂದ ಅಗೆದು ತೆಗೆಯುತ್ತದೆ. ಕಲ್ಲು ಉರುಳಿ ಮೀನಿನ ಮೇಲೆ ಬೀಳುತ್ತದೆ, ಇಲ್ಲವೇ ಗಾಜು ಒಡೆಯುತ್ತದೆ. ಕಲ್ಲಿನ ಮೇಲೆ ಕಲ್ಲು ಪೇರಿಸುವಲ್ಲಿ ಅಕ್ವೇರಿಯಂ ಸಿಲಿಕೋನ್ ಹಾಕಿ ಅಂಟಿಸಿ.

ತೊಟ್ಟಿಯ ಉದ್ದವನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿ. ಎರಡು ಗಡಿಗಳಲ್ಲಿ ಒಂದೊಂದು ಗುಡ್ಡೆ: ಒಂದು ಕಲ್ಲಿನದು, ಇನ್ನೊಂದು ನೀರಲ್ಲಿ ಹದವಾದ ಮರದ ಬೊಡ್ಡೆ, ಅಂದರೆ ಡ್ರಿಫ್ಟ್‌ವುಡ್‌ನದು. ಗುಡ್ಡೆ ನೀರಿನ ಎತ್ತರದ ಮೂರರಲ್ಲಿ ಎರಡು ಪಾಲಾದರೂ ಏರಬೇಕು. ಹಿಂದಿನ ಗಾಜಿನಿಂದ ಮುಂದಕ್ಕೆ ಬಂದು, ಮುಂದಿನ ಗಾಜಿಗೂ ಅದಕ್ಕೂ ನಡುವೆ ಒಂದು ಗೇಣು ಓಡಾಡಲು ಉಳಿಯಬೇಕು. ಮುಗಿದ ಮೇಲೆ ಬಲಗಡೆಯ ಗಾಜಿಗೆ ಕಣ್ಣು ಹಚ್ಚಿ ಮೀನಿನ ಮಟ್ಟದಲ್ಲಿ ಎಡಕ್ಕೆ ನೋಡಿ. ಎದುರು ತುದಿಯ ಗಾಜು ಅಷ್ಟಗಲ ಕಂಡರೆ ಮರೆ ಸಾಲದು ಎಂದರ್ಥ. ಸರಿಯಾಗಿ ಕಟ್ಟಿದ ತೊಟ್ಟಿಯಲ್ಲಿ ಕಾಣುವುದು ಕಲ್ಲು, ಬೊಡ್ಡೆ, ಎಲೆ, ನಡುವೆ ಒಂದೆರಡು ಬೆಳಕಿನ ಕಿಂಡಿ ಅಷ್ಟೆ.

ಗುಹೆಗಳಿಗೆ ಎರಡು ಬಾಗಿಲಿರಲಿ. ಒಂದೇ ಬಾಗಿಲಿನ ಗುಹೆಗೆ ಓಡಿದ ಮೀನು ಬೋನಿಗೆ ಬಿದ್ದಂತೆ. ಅಟ್ಟಿ ಬಂದದ್ದು ಬಾಗಿಲಲ್ಲೇ ನಿಂತು ಕಚ್ಚುತ್ತದೆ. 75 ಅಥವಾ 110 ಮಿ.ಮೀ. ಪಿವಿಸಿ ಪೈಪಿನ ಒಂದು ಗೇಣುದ್ದದ ತುಂಡುಗಳು, ತಳ ತೆಗೆದ ಮಣ್ಣಿನ ಕುಂಡ, ಅಡ್ಡಕ್ಕೆ ಸೀಳಿದ ಮಡಕೆ ಇವೆಲ್ಲ ಸಾಕು. ಕತ್ತರಿಸಿದ ಅಂಚನ್ನು ಉಜ್ಜುಕಾಗದದಿಂದ ನಯ ಮಾಡಿ. ಗುಹೆ ಬೇಡುವ ಮೀನು ಮೂರಿದ್ದರೆ ಗುಹೆ ಐದಾದರೂ ಇರಲಿ, ಅವು ಒಂದರ ಪಕ್ಕ ಒಂದು ಸಾಲಾಗಿ ಬೇಡ. ಎರಡು ಕಿರಿದಾಗಿರಲಿ, ಚಿಕ್ಕ ಮೀನು ತೂರುವಷ್ಟು, ದೊಡ್ಡದರ ತಲೆ ಹಿಡಿಸದಷ್ಟು.

ಗಿಡಗಳಲ್ಲಿ ಅನುಬಿಯಾಸ್ ಮತ್ತು ಜಾವಾ ಫರ್ನ್ ಒಳ್ಳೆಯವು. ಮರಳಲ್ಲಿ ನೆಡದೆ ಡ್ರಿಫ್ಟ್‌ವುಡ್‌ಗೆ ದಾರದಿಂದ ಕಟ್ಟಬಹುದಾದ್ದರಿಂದ ಅಗೆಯುವ ಮೀನಿಗೆ ಕೀಳಲಾಗದು. ಮೇಲ್ಮಟ್ಟದಲ್ಲಿ ತೇಲುವ ಗಿಡವಿರಲಿ. ಸೋತ ಮೀನು ಹೆಚ್ಚಾಗಿ ಓಡುವುದು ಮೇಲಿನ ಮೂಲೆಗೆ, ಅಲ್ಲಿ ಮರೆ ಮಾಡಲು ಯಾರೂ ನೆನಪಿಡುವುದಿಲ್ಲ.

5. ನೀರು ಮತ್ತು ಫಿಲ್ಟರ್

ಮೀನು ಬಿಡುವ ಮೊದಲು ತೊಟ್ಟಿ ಸೈಕಲ್ ಆಗಿರಬೇಕು, ಅಂದರೆ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾ, ನೈಟ್ರೈಟ್‌ಗಳನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆದಿರಬೇಕು. ಅಮೋನಿಯಾ 0, ನೈಟ್ರೈಟ್ 0 ಬಂದ ಮೇಲೆಯೇ ಮುಂದಿನ ಮಾತು. ಹೊಸದಾಗಿ ಶುರು ಮಾಡಿದ ತೊಟ್ಟಿಯಲ್ಲಿ ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುವುದರಿಂದ ಫಿಲ್ಟರನ್ನು ಮೊದಲ ದಿನದಿಂದಲೇ ಓಡಿಸಿ. ಸಿಕ್ಲಿಡ್‌ಗಳು ಹೆಚ್ಚು ತಿಂದು ಹೆಚ್ಚು ಹೊಲಸು ಮಾಡುತ್ತವೆ. 220 ಲೀಟರಿಗೆ ಗಂಟೆಗೆ 1,300–1,500 ಲೀಟರ್ ತಿರುಗಿಸುವ ಫಿಲ್ಟರ್ ಬೇಕು. ವಾರಕ್ಕೊಮ್ಮೆ 30 ಶೇಕಡಾ ನೀರು ಬದಲಿಸಿ, ಕ್ಲೋರಿನ್ ತೆಗೆದ ನೀರನ್ನೇ ಹಾಕಿ, ನೈಟ್ರೇಟ್ 40 ಪಿಪಿಎಂ ದಾಟಲು ಬಿಡಬೇಡಿ. ಉಷ್ಣಾಂಶ 25–26 ಡಿಗ್ರಿ ಸೆಲ್ಸಿಯಸ್ ಸಾಕು. 28–29ಕ್ಕೆ ಏರಿಸಿದರೆ ಮೀನಿಗೆ ಹಸಿವೂ ಬೆದೆಯೂ ಏರುತ್ತವೆ, ಜಗಳವೂ.

6. ಬಿಡುವ ಸರದಿ

ಮೊದಲು ಬಂದ ಮೀನಿಗೆ ಮನೆಯ ಯಜಮಾನಿಕೆ. ಗಾತ್ರ ಸಮವಿದ್ದಾಗ ಮೊದಲೇ ಇದ್ದದ್ದು ಗೆಲ್ಲುವುದೇ ಹೆಚ್ಚು. ಆದ್ದರಿಂದ ಸಾಧು ಮೀನು ಮೊದಲು, ಜೋರಿನದು ಕೊನೆಗೆ.

ಮೊದಲ ವಾರ ಮೇಲ್ಮಟ್ಟದ ಗುಂಪು ಮೀನು ಬಿಡಿ. ಗುಂಪು ಪೂರ್ತಿ ಒಂದೇ ಸಲ ಬಂದರೆ ಒಳ್ಳೆಯದು, ಆದರೆ ಅಮೋನಿಯಾ ನಿತ್ಯ ನೋಡುತ್ತಿರಿ. ಎರಡು ವಾರ ಬಿಟ್ಟು ತಳದ ಪ್ಲೆಕೊ. ಮತ್ತೆ ಎರಡು ಮೂರು ವಾರ ಕಳೆದು, ಗುಂಪು ತೊಟ್ಟಿಯ ಎಲ್ಲ ಕಡೆ ಅಂಜದೆ ಓಡಾಡುತ್ತಿರುವುದನ್ನು ನೋಡಿ, ಸಿಕ್ಲಿಡ್ ತನ್ನಿ. ಸಿಕ್ಲಿಡ್ ಚಿಕ್ಕದಿರಲಿ. ಜೊತೆಗಾರರಿಗಿಂತ ಕಿರಿದಾಗಿ ಬಂದು ಅವರ ನಡುವೆಯೇ ಬೆಳೆದದ್ದು ಅವರನ್ನು ಪರಿಚಯದ ಮುಖಗಳೆಂದು ಸಹಿಸಿಕೊಳ್ಳುತ್ತದೆ. ಹೊಸದಾಗಿ ತಂದ ಯಾವ ಮೀನನ್ನೂ ನೇರ ಬಿಡದೆ 3–4 ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ರೋಗವಿಲ್ಲವೆಂದು ನೋಡಿ.

ಜೋರಿನ ಮೀನು ಈಗಾಗಲೇ ಬೇರೂರಿರುವ ತೊಟ್ಟಿಗೆ ಸಾಧು ಮೀನು ಸೇರಿಸಬೇಕಾದರೆ ಕೆಲಸ ಹೆಚ್ಚು:

- ತೊಟ್ಟಿಯ ಕಲ್ಲು, ಬೊಡ್ಡೆ, ಪೈಪುಗಳ ಜಾಗ ಬದಲಿಸಿ. ಹಳೆಯ ಗಡಿ ಗುರುತುಗಳು ಅಳಿದಾಗ ಹಳಬರೂ ಹೊಸಬರೂ ಒಂದೇ ಸಲ ಜಾಗ ಹುಡುಕಬೇಕಾಗುತ್ತದೆ. ಒಂದು ಕಲ್ಲು ಮಾತ್ರ ಸರಿಸಿ ಬಿಟ್ಟರೆ ಉಪಯೋಗವಿಲ್ಲ.
- ಹಳಬರಿಗೆ ಹೊಟ್ಟೆ ತುಂಬ ಊಟ ಹಾಕಿ, ದೀಪ ಆರಿಸಿ.
- ಹೊಸ ಮೀನಿನ ಚೀಲವನ್ನು 15–20 ನಿಮಿಷ ತೇಲಿಸಿ. ಆಮೇಲೆ ಅರ್ಧ ಗಂಟೆಯಲ್ಲಿ ನಾಲ್ಕೈದು ಸಲ ತೊಟ್ಟಿಯ ನೀರು ಸ್ವಲ್ಪ ಸ್ವಲ್ಪವೇ ಬೆರೆಸಿ. ಚೀಲದ ನೀರನ್ನು ತೊಟ್ಟಿಗೆ ಸುರಿಯದೆ ಮೀನನ್ನಷ್ಟೇ ಬಿಡಿ.
- ಬೆಳಿಗ್ಗೆಯವರೆಗೆ ದೀಪ ಬೇಡ.

ಅನುಮಾನವಿದ್ದರೆ ಪ್ಲಾಸ್ಟಿಕ್ ಜಾಲರಿಯ ಅಡ್ಡಗೋಡೆ ಹಾಕಿ 5–7 ದಿನ ಎರಡನ್ನೂ ಬೇರೆ ಬೇರೆ ಇಡಿ. ಜಾಲರಿ ತಳದಿಂದ ಮುಚ್ಚಳದವರೆಗೆ ಇರಲಿ, ಪಕ್ಕದಲ್ಲಿ ಸಂದಿ ಬೇಡ, ತೂತು ಚಿಕ್ಕ ಮೀನಿನ ತಲೆಗಿಂತ ಸಣ್ಣದಿರಲಿ, ನೀರು ಎರಡೂ ಕಡೆ ಹರಿಯಲಿ. ಮೊದಲ ದಿನ ಜೋರಿನದು ಜಾಲರಿಗೆ ಮುಖ ಒತ್ತಿ ನಿಂತು ಬಾಲ ಬೀಸುತ್ತದೆ. ನಾಲ್ಕನೆಯ ದಿನ ಊಟಕ್ಕೆ ಮಾತ್ರ ಆ ಕಡೆ ಬರುತ್ತಿದ್ದರೆ ಜಾಲರಿ ತೆಗೆಯಬಹುದು. ಏಳನೆಯ ದಿನವೂ ಅಲ್ಲೇ ನಿಂತಿದ್ದರೆ ಆ ಎರಡು ಮೀನಿಗೆ ಹೊಂದುವುದಿಲ್ಲ, ಒತ್ತಾಯ ಬೇಡ. ಒಂದೇ ಜಾತಿಯಲ್ಲೂ ಒಂದೊಂದು ಮೀನಿನ ಸ್ವಭಾವ ಒಂದೊಂದು ಬಗೆ.

ತೊಟ್ಟಿ ತುಂಬ ಮೀನು ಬಿಟ್ಟರೆ ಜಗಳ ಹಂಚಿಹೋಗುತ್ತದೆ ಎಂಬ ಉಪಾಯ ನೀವು ಕೇಳಿರಬಹುದು. ಮಲಾವಿಯ ಎಂಬೂನಾ ಸಿಕ್ಲಿಡ್‌ಗಳಿಗೆ, ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣಿನಂತೆ ಬಿಟ್ಟು, ದುಪ್ಪಟ್ಟು ಫಿಲ್ಟರ್ ಇಟ್ಟವರಿಗೆ ಅದು ನಡೆಯುತ್ತದೆ. ಕಾನ್ವಿಕ್ಟ್, ಜಾಕ್ ಡೆಂಪ್ಸಿಯಂಥ ಮಧ್ಯ ಅಮೆರಿಕದ ಮೀನುಗಳಿಗೂ ಅದನ್ನೇ ಮಾಡಿದರೆ ಕೊಂದು ಜಾಗ ಮಾಡಿಕೊಳ್ಳುತ್ತವೆ. ಸಾಧು ಮೀನಿರುವ ತೊಟ್ಟಿಗಂತೂ ಬೇಡವೇ ಬೇಡ.

7. ಊಟ

ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಒಂದೇ ಕಡೆ ಹಾಕಿದರೆ ಜೋರಿನದು ಅಲ್ಲೇ ಕಾವಲು ಕೂರುತ್ತದೆ. ಮೊದಲು ಅದರ ಮೂಲೆಗೆ ಮುಳುಗುವ ದೊಡ್ಡ ಪೆಲೆಟ್ ಹಾಕಿ, ಅದು ತೊಡಗಿಕೊಂಡ ಮೇಲೆ ಎದುರು ತುದಿಯಲ್ಲಿ ತೇಲುವ ಸಣ್ಣ ಆಹಾರ. ಪ್ಲೆಕೊ, ಕೋರಿಡೋರಾಸ್‌ಗಳಿಗೆ ದೀಪ ಆರಿಸಿದ ಅರ್ಧ ಗಂಟೆಯ ಮೇಲೆ ಮುಳುಗುವ ಬಿಲ್ಲೆ ಹಾಕಿ. ಆಸ್ಕರ್‌ಗೆ ಜೀವಂತ ಮೀನು ತಿನ್ನಿಸುವ ರೂಢಿ ಬಿಡಿ. ಅದರ ಜೊತೆ ರೋಗ ಬರುತ್ತದೆ. ಗೋಲ್ಡ್‌ಫಿಶ್‌ನಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ವಿಟಮಿನ್ ಬಿ1 ಅನ್ನು ನಾಶ ಮಾಡುತ್ತದೆ.

8. ಮೊದಲ ತಿಂಗಳು ಏನನ್ನು ನೋಡಬೇಕು

ದಿನಕ್ಕೆರಡು ಸಲ ಹತ್ತು ನಿಮಿಷ ಕುಳಿತು ನೋಡಿ. ಒಂದು ಸಲ ಊಟದ ಹೊತ್ತಿಗೆ, ಇನ್ನೊಂದು ಸಲ ಬೆಳಿಗ್ಗೆ ದೀಪ ಹಾಕುವ ಮೊದಲು. ಮೈಯಗಲ ತೋರಿಸುವುದು, ಕಿವಿರು ಅಗಲಿಸುವುದು, ಒಂದೆರಡು ಅಡಿ ಓಡಿಸಿ ಹಿಂದಿರುಗುವುದು ಇವೆಲ್ಲ ಮಾಮೂಲಿ. ಇವನ್ನು ನಿಲ್ಲಿಸಲು ಹೋಗಬೇಡಿ. ಓಡಿಸಿಕೊಂಡದ್ದು ಐದು ನಿಮಿಷದಲ್ಲಿ ಮತ್ತೆ ಮೇಯತೊಡಗಿತೇ ಎಂಬುದಷ್ಟೇ ಮುಖ್ಯ.

ಕೈ ಹಾಕಬೇಕಾದ ಹೊತ್ತು ಹೀಗಿರುತ್ತದೆ: ಒಂದು ಮೀನು ಮೇಲಿನ ಮೂಲೆಯಲ್ಲಿ, ಹೀಟರ್ ಹಿಂದೆ, ತಲೆ ಮೇಲೆ ಮಾಡಿ ಗಾಜಿಗೆ ಒರಗಿ ನಿಂತಿದೆ. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿದೆ, ಬಣ್ಣ ಮಂಕಾಗಿದೆ, ಕಿವಿರು ಬೇಗ ಬೇಗ ಬಡಿಯುತ್ತಿದೆ. ಊಟ ಹಾಕಿದರೆ ಕಣ್ಣು ಮಾತ್ರ ತಿರುಗಿಸುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ. ಗಾಯ ಕಾಣದಿದ್ದರೂ ಅದನ್ನು ಇಂದೇ ಹೊರತೆಗೆಯಿರಿ. ರಾತ್ರಿ ಕಳೆಯಲಿ ಎಂದರೆ ಉಳಿಯುವುದು ಅನುಮಾನ.

ಬಾಲದ ತುದಿ ಸೀಳಿದೆ, ಆದರೆ ಮೀನು ಊಟಕ್ಕೆ ಬರುತ್ತಿದೆ ಎಂದಾದರೆ ಅಡ್ಡಿಯಿಲ್ಲ, ಮರೆ ಇನ್ನೊಂದು ಸೇರಿಸಿ ಎರಡು ದಿನ ನೋಡಿ. ಸುಧಾರಿಸದಿದ್ದರೆ ಪೆಟ್ಟು ಕೊಟ್ಟದ್ದನ್ನೇ ಹಿಡಿದು ಒಂದು ವಾರ ಬೇರೆ ತೊಟ್ಟಿಗೆ ಹಾಕಿ. ಎಲ್ಲರೂ ಪೆಟ್ಟು ತಿಂದ ಮೀನನ್ನು ಹೊರಗಿಡುತ್ತಾರೆ, ಅದು ವಾಪಸಾದಾಗ ಹೊಸಬನಾಗಿ ಮತ್ತೆ ಒದೆ ತಿನ್ನುತ್ತದೆ. ಜೋರಿನದನ್ನು ಹೊರಗಿಟ್ಟರೆ ಆ ವಾರದಲ್ಲಿ ಉಳಿದವು ತೊಟ್ಟಿಯನ್ನು ಹಂಚಿಕೊಳ್ಳುತ್ತವೆ, ಮರಳಿ ಬಂದದ್ದು ಹೊಸಬನಾಗುತ್ತದೆ.

9. ಮೊಟ್ಟೆಯಿಟ್ಟಾಗ

ಎರಡು ಮೀನು ಸೇರಿ ಒಂದು ಕಲ್ಲನ್ನು ಬಾಯಿಂದ ಉಜ್ಜುತ್ತಿವೆ, ಮರಳಲ್ಲಿ ಗುಂಡಿ ತೋಡುತ್ತಿವೆ ಎಂದರೆ ನಿಮಗೆ ಒಂದೆರಡು ದಿನದ ಎಚ್ಚರಿಕೆ ಸಿಕ್ಕಿತು. ಕಾನ್ವಿಕ್ಟ್ ಮೊಟ್ಟೆ ಸುಮಾರು ಮೂರು ದಿನಕ್ಕೆ ಒಡೆಯುತ್ತದೆ, ಇನ್ನೊಂದು ವಾರದೊಳಗೆ ಮರಿ ಈಜತೊಡಗುತ್ತದೆ, ತಾಯಿ ತಂದೆ ಆಮೇಲೂ ವಾರಗಟ್ಟಲೆ ಕಾಯುತ್ತವೆ. ಮರಿ ಈಜಲು ಶುರು ಮಾಡಿದಾಗ ಕಾವಲಿನ ಗಡಿಯೂ ಮರಿಗಳ ಜೊತೆ ಚಲಿಸುತ್ತದೆ. ನಿನ್ನೆ ಸುರಕ್ಷಿತವಾಗಿದ್ದ ಮೂಲೆ ಇಂದು ಅಲ್ಲ. ತಳದಲ್ಲಿ ಮಲಗುವ ಕೋರಿಡೋರಾಸ್‌ಗೆ ಗಡಿಯ ಭಾಷೆ ಅರ್ಥವಾಗದು. ಓಡಿಸಿದರೂ ಮತ್ತೆ ಅಲ್ಲೇ ಮೇಯಲು ಬರುತ್ತದೆ, ಕಣ್ಣು ಕಳೆದುಕೊಳ್ಳುತ್ತದೆ.

ಮರಿ ಬೇಕಿಲ್ಲದಿದ್ದರೆ ಮೊಟ್ಟೆಯಿಟ್ಟ ಅಂದೇ ಆ ಕಲ್ಲನ್ನೋ ಕುಂಡವನ್ನೋ ಹೊರತೆಗೆಯಿರಿ. ಆದರೆ ಕಾನ್ವಿಕ್ಟ್ ಕೆಲವೇ ವಾರಗಳಲ್ಲಿ ಮತ್ತೆ ಇಡುತ್ತದೆ. ಬೇಕಿದ್ದರೆ ಅರ್ಧ ತೊಟ್ಟಿಗೆ ಜಾಲರಿ ಹಾಕಿ ಜೋಡಿಯನ್ನು ಒಂದು ಕಡೆ ಬಿಡಿ. ಪದೇ ಪದೇ ಇದೇ ಆದರೆ ಒಂದೇ ಮೀನು ಇಟ್ಟುಕೊಂಡು ಇನ್ನೊಂದನ್ನು ಬೇರೆಯವರಿಗೆ ಕೊಡುವುದು ನಮ್ಮ ಸಲಹೆ. ಒಂಟಿ ಕಾನ್ವಿಕ್ಟ್ ಜೋಡಿ ಕಾನ್ವಿಕ್ಟ್‌ಗಿಂತ ಎಷ್ಟೋ ಪಾಲು ಸಾಧು.

10. ಗಾಯವಾದ ಮೀನಿಗೆ

30–40 ಲೀಟರಿನ ಇನ್ನೊಂದು ಚಿಕ್ಕ ತೊಟ್ಟಿ ಮನೆಯಲ್ಲಿ ಸದಾ ಇರಲಿ. ಅದರ ಸ್ಪಂಜ್ ಫಿಲ್ಟರನ್ನು ದೊಡ್ಡ ತೊಟ್ಟಿಯಲ್ಲೇ ಓಡಿಸುತ್ತಿದ್ದರೆ ಬೇಕಾದ ದಿನ ಬ್ಯಾಕ್ಟೀರಿಯಾ ಸಮೇತ ಸಿದ್ಧ. ನೀರನ್ನು ದೊಡ್ಡ ತೊಟ್ಟಿಯಿಂದಲೇ ತುಂಬಿಸಿ, ಒಂದು ಪೈಪಿನ ತುಂಡು ಇಡಿ, ದೀಪ ಬೇಡ.

ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಏನೂ ಬೆರೆಸದ ಉಪ್ಪನ್ನು, 40 ಲೀಟರಿಗೆ 40 ಗ್ರಾಂ, ಬೇರೆ ಪಾತ್ರೆಯಲ್ಲಿ ಕರಗಿಸಿ ಅರ್ಧ ಈಗ, ಅರ್ಧ ಹನ್ನೆರಡು ಗಂಟೆ ಬಿಟ್ಟು ಹಾಕಿ. ಸಿಕ್ಲಿಡ್, ಮಾಲಿ, ಗಪ್ಪಿಗಳಿಗೆ ಇದು ಸಲೀಸು. ಕೋರಿಡೋರಾಸ್ ಮತ್ತು ಲೋಚ್‌ಗಳು ಉಪ್ಪಿಗೆ ಸೂಕ್ಷ್ಮವಾದ್ದರಿಂದ ಅವಕ್ಕೆ ಉಪ್ಪಿಲ್ಲದೆ ಶುದ್ಧ ನೀರಿನಲ್ಲೇ ಆರೈಕೆ ಮಾಡುವುದು ಮೇಲು. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ, ತೆಗೆದ ನೀರಿಗೆ ಎಷ್ಟು ಬೇಕೋ ಅಷ್ಟೇ ಉಪ್ಪು ಮತ್ತೆ ಸೇರಿಸಿ. ರೆಕ್ಕೆಯ ಸೀಳು ಮುಚ್ಚುತ್ತ ಬಂದರೆ ಅಂಚಿನಲ್ಲಿ ಪಾರದರ್ಶಕ ಹೊಸ ಪದರ ಕಾಣುತ್ತದೆ. ಅದನ್ನು ಶಿಲೀಂಧ್ರವೆಂದು ಗಾಬರಿಯಾಗಬೇಡಿ. ಶಿಲೀಂಧ್ರವಾದರೆ ಹತ್ತಿಯ ಎಳೆಗಳಂತೆ ಗಾಯದಿಂದ ಹೊರಕ್ಕೆ ಎದ್ದು ನಿಂತಿರುತ್ತದೆ, ಅದಕ್ಕೆ ಔಷಧಿ ಬೇಕು.

ಮೀನು ಚೇತರಿಸಿಕೊಂಡು ನಾಲ್ಕೈದು ದಿನ ಚೆನ್ನಾಗಿ ತಿಂದ ಮೇಲೆ ಉಪ್ಪಿನ ಅಂಶವನ್ನು ನೀರು ಬದಲಿಸುತ್ತ ಇಳಿಸಿ. ಮರಳಿ ಬಿಡುವ ಸಂಜೆ ದೊಡ್ಡ ತೊಟ್ಟಿಯ ಕಲ್ಲು ಬೊಡ್ಡೆಗಳ ಜಾಗ ಮತ್ತೊಮ್ಮೆ ಬದಲಿಸಿ, ಎಲ್ಲಕ್ಕೂ ಊಟ ಹಾಕಿ, ದೀಪ ಆರಿಸಿ, ಜೋರಿನದು ಇರುವ ತುದಿಗೆ ಎದುರಾದ ತುದಿಯಲ್ಲಿ, ಗಿಡದ ಮರೆಯಲ್ಲಿ ಅದನ್ನು ಬಿಡಿ. ಮರುದಿನ ಬೆಳಿಗ್ಗೆ ದೀಪ ಹಾಕುವ ಮುಂಚೆ ಮೊದಲು ನೋಡಬೇಕಾದದ್ದು ಹೀಟರ್ ಹಿಂದಿನ ಆ ಮೂಲೆಯನ್ನೇ.